ಅನುಮತಿಯಿಲ್ಲದೆ ವಾಸಿಯಾದ ಬೆರಳು

ಹಳೆಯ ದಾಖಲೆಗಳ ಕಚೇರಿಯಲ್ಲಿ ಪ್ರೋಟೀನ್ ಕೊರತೆಯಿಂದ ಬಳಲುತ್ತಿರುವ ನೌಕರರ ಸಂಖ್ಯೆ ಒಂದು ಎಂದು ಮೇಲಿನವರು ಮೊದಲೇ ನಿಗದಿಪಡಿಸಿದ್ದರು. ಆ ಒಬ್ಬ ಯಾರು ಎಂಬುದನ್ನು ಮಾತ್ರ ಕಚೇರಿಯೇ ಹುಡುಕಿಕೊಳ್ಳತಕ್ಕದ್ದು.

ಹುಡುಕುವುದು ಹೇಗೆಂದು ಸುತ್ತೋಲೆಯಲ್ಲಿ ವಿವರವಾಗಿಯೇ ಬರೆದಿತ್ತು. ಕೂದಲು ಉದುರುವುದು, ಉಗುರು ಸೀಳುವುದು, ಪದೇ ಪದೇ ನೆಗಡಿ, ಗಾಯ ಬೇಗ ಮಾಯದಿರುವುದು, ಸಂಜೆಯ ಹೊತ್ತಿಗೆ ಪಾದ ಊದುವುದು. ಊದಿದ ಪಾದವನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟಾಗ ಬಿದ್ದ ಗುಳಿ ಹತ್ತು ಎಣಿಸುವವರೆಗೂ ಉಳಿದರೆ ಅದು ‘ದೃಢೀಕೃತ ಲಕ್ಷಣ’. ಹೀಗೆ ಗುರುತಿಸಲ್ಪಟ್ಟವನಿಗೆ ದಿನಕ್ಕೆ ಎರಡು ಬೇಯಿಸಿದ ಮೊಟ್ಟೆ, ಒಂದು ಲೋಟ ಹಾಲು. ಅವುಗಳ ಮೇಲ್ವಿಚಾರಣೆಗೆ ಐವರ ಸಮಿತಿ. ಸುಸ್ತು ಕೂಡ ಪಟ್ಟಿಯಲ್ಲಿತ್ತು. ಅದನ್ನು ಲೆಕ್ಕಕ್ಕೆ ಹಿಡಿದರೆ ಇಡೀ ಕಚೇರಿಯೇ ಆಯ್ಕೆಯಾಗುವ ಅಪಾಯವಿದ್ದುದರಿಂದ ಹೆಡ್ ಕ್ಲರ್ಕ್ ಅದರ ಮೇಲೆ ಗೀಟು ಎಳೆದರು. ಮುಖ್ಯಾಧಿಕಾರಿಗಳ ತಲೆಯಲ್ಲಿ ಉದುರುವುದಕ್ಕೆ ಏನೂ ಉಳಿದಿರಲಿಲ್ಲವಾಗಿ ಅವರೂ ಸ್ಪರ್ಧೆಯಿಂದ ಹೊರಬಿದ್ದರು.

ಎಲ್ಲ ಲಕ್ಷಣಗಳಲ್ಲೂ ಪೂರ್ತಿ ಅಂಕ ಪಡೆದವನು ದಬ್ಬಣದಣ್ಣ. ಕಚೇರಿಯ ಕಡತಗಳನ್ನು ದಬ್ಬಣದಿಂದ ಚುಚ್ಚಿ, ದಾರ ಹಾಕಿ ಹೊಲಿಯುವುದು ಅವನ ಕೆಲಸ. ಎರಡು ತಿಂಗಳ ಹಿಂದೆ ದಪ್ಪನೆಯ ಕಡತವೊಂದನ್ನು ಹೊಲಿಯುವಾಗ ದಬ್ಬಣ ಕಾಗದ ದಾಟಿ ತೋರುಬೆರಳಿಗೆ ಇಳಿದಿತ್ತು. ಆ ಗಾಯ ಇವತ್ತು ಮಾಯೀತು, ನಾಳೆ ಮಾಯೀತು ಎಂದು ಅವನು ಕಾದದ್ದೇ ಬಂತು. ಹೊಲಿಯಬೇಕಾದ ಕಡತಗಳು ಅವನ ಸುತ್ತ ಸೊಂಟದೆತ್ತರ ಬೆಳೆದಿದ್ದವು. ಬೆರಳು ಸರಿಹೋಗದಿದ್ದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದು ಮುಖ್ಯಾಧಿಕಾರಿಗಳು ಎರಡು ಸಲ ಹೇಳಿಯಾಗಿತ್ತು. ಅಂದಿನಿಂದ ಅವನಿಗೆ ನಿದ್ದೆಯೂ ಸರಿಯಾಗಿ ಬರುತ್ತಿರಲಿಲ್ಲ.

ಆಯ್ಕೆಯ ಸುದ್ದಿ ಕೇಳಿ ಹೆಂಡತಿಯ ಮುಖ ಅರಳಿತು. ಅವರ ಮನೆಗೆ ಬರುತ್ತಿದ್ದದ್ದು ದಿನಕ್ಕೆ ಒಂದೇ ಮೊಟ್ಟೆ. ಒಂದು ದಿನ ಅವನಿಗೆ, ಒಂದು ದಿನ ಅವಳಿಗೆ. ಇನ್ನು ಆ ಸರದಿಯ ತಾಪತ್ರಯವಿಲ್ಲ ಎಂದು ಇಬ್ಬರೂ ಅಂದುಕೊಂಡರು.

ಮೊದಲ ದಿನ ಮೊಟ್ಟೆಗಳು ತಟ್ಟೆಯಲ್ಲಿ, ಮೇಲೊಂದು ಕರವಸ್ತ್ರ ಹೊದ್ದು ಬಂದವು. ದಬ್ಬಣದಣ್ಣ ಕೈ ತೊಳೆದುಕೊಂಡು ಕೂತ. ಹೆಡ್ ಕ್ಲರ್ಕ್ ಅವನ ಕೈ ತಡೆದರು.

“ಸ್ವಲ್ಪ ತಡಿಯಪ್ಪಾ. ಇದನ್ನ ನೀನು ತಿಂದ್ರೆ ಏನಾಗುತ್ತೆ?”

“ಗಾಯ ವಾಸಿಯಾಗುತ್ತೆ ಸಾರ್.”

“ವಾಸಿಯಾದ್ರೆ ಲಕ್ಷಣ ಹೋಯ್ತು. ಲಕ್ಷಣ ಇಲ್ಲದವನಿಗೆ ಮೊಟ್ಟೆ ಯಾಕೆ ಕೊಟ್ರಿ ಅಂತ ಮೇಲಿಂದ ಕೇಳಿದ್ರೆ ಯಾರಪ್ಪಾ ಉತ್ತರ ಹೇಳೋದು? ನಿನ್ನ ಮೊಟ್ಟೆ ಉಳೀಬೇಕು ಅಂದ್ರೆ ನೀನು ಅದನ್ನ ಮುಟ್ಟಬಾರದು.”

ದಬ್ಬಣದಣ್ಣ ಯೋಚಿಸಿದ. ಎಲ್ಲಿ ತಪ್ಪಿದೆಯೆಂದು ಅವನಿಗೆ ಹೊಳೆಯಲಿಲ್ಲ. ಮೂವತ್ತು ವರ್ಷ ಕಡತ ಹೊಲಿದವನಿಗೆ ಕಚೇರಿಯ ಮಾತಿನಲ್ಲಿ ತಪ್ಪು ಹುಡುಕುವ ಅಭ್ಯಾಸ ತಪ್ಪಿಹೋಗಿತ್ತು. ಪದಾರ್ಥ ಹಾಳಾಗಬಾರದೆಂಬ ಒಂದೇ ಕಾಳಜಿಯಿಂದ ಸಮಿತಿಯವರು ಮೊಟ್ಟೆಯ ಗುಣಮಟ್ಟವನ್ನು ಉಪ್ಪು ಹಾಕಿಕೊಂಡು, ಹಾಲಿನದನ್ನು ಸಕ್ಕರೆ ಹಾಕಿಕೊಂಡು ಪರೀಕ್ಷಿಸಿದರು. ಐವರಿಗೆ ಎರಡು ಮೊಟ್ಟೆ ಸಾಲದೆ ಪರೀಕ್ಷೆ ಅಪೂರ್ಣವಾಗುತ್ತಿದೆ ಎಂದು ಪತ್ರ ಬರೆದ ಮೇಲೆ ದಿನಕ್ಕೆ ಹತ್ತು ಮಂಜೂರಾದವು.

ಯೋಜನೆ ಒಳ್ಳೆಯ ಹೆಸರು ಮಾಡಿತು. ಲಕ್ಷಣ ಗುರುತಿಸುವುದನ್ನು ಕಲಿಯಲು ಬೇರೆ ಕಚೇರಿಗಳಿಂದ ಜನ ಬರತೊಡಗಿದರು. ಸೂಚನಾ ಫಲಕದಲ್ಲಿ ಹೀಗೆ ಬರೆಯಲಾಯಿತು: “ಫಲಾನುಭವಿಯ ಪಾದವನ್ನು ಒತ್ತಲು ಸಂಜೆ ನಾಲ್ಕರಿಂದ ಐದರವರೆಗೆ ಅವಕಾಶವಿರುತ್ತದೆ. ಸರದಿಯಲ್ಲಿ ಬರತಕ್ಕದ್ದು. ಗಾಯಕ್ಕೆ ಔಷಧಿ ಹಚ್ಚುವುದನ್ನು ನಿಷೇಧಿಸಲಾಗಿದೆ.” ದಬ್ಬಣದಣ್ಣ ಸ್ಟೂಲಿನ ಮೇಲೆ ಕಾಲು ಚಾಚಿ ಕೂರುತ್ತಿದ್ದ. ಬಂದವರು ಒತ್ತುತ್ತಿದ್ದರು, ಹತ್ತರವರೆಗೆ ಎಣಿಸುತ್ತಿದ್ದರು, ತಲೆಯಾಡಿಸಿ ಬರೆದುಕೊಳ್ಳುತ್ತಿದ್ದರು. ಕ್ರಮೇಣ ಈ ವಿಷಯದಲ್ಲಿ ಅವನಷ್ಟು ತಿಳಿದವರು ಕಚೇರಿಯಲ್ಲಿ ಬೇರೆ ಯಾರೂ ಇಲ್ಲದಂತಾಯಿತು.

ಇದನ್ನೆಲ್ಲ ಅವನು ಮನೆಯಲ್ಲಿ ಹೆಂಡತಿಗೆ ಹೇಳಿದ. ಮರುದಿನ ಅವಳ ಸರದಿ. ಆದರೂ ಮೊಟ್ಟೆ ಅವನ ತಟ್ಟೆಯಲ್ಲಿತ್ತು. ತನ್ನದನ್ನು ಆಗಲೇ ತಿಂದೆ, ಅಂಗಡಿಯವನು ಈಗ ಎರಡು ಕೊಡುತ್ತಾನೆ ಎಂದಳು. ದಿನವೂ ಅದನ್ನೇ ಹೇಳಿದಳು. ಅವನೂ ನಂಬಿದ. ನಂಬುವುದು ಸುಲಭವಾಗಿತ್ತು, ಮೊಟ್ಟೆ ರುಚಿಯಾಗಿತ್ತು.

ಎರಡು ತಿಂಗಳಲ್ಲಿ ಗಾಯ ಕೂಡಿಕೊಂಡಿತು. ಪಾದದ ಊತ ಇಳಿಯಿತು. ಪ್ರಾತ್ಯಕ್ಷಿಕೆಯ ಹೊತ್ತಿಗೆ ದೂರದಿಂದ ಬಂದಿದ್ದ ಅಧಿಕಾರಿಯೊಬ್ಬರು ಒತ್ತಿದಾಗ ಗುಳಿ ಎರಡು ಎಣಿಸುವಷ್ಟರಲ್ಲಿ ಮಾಯವಾಗಿ, ಕಚೇರಿಯ ಮಾನ ಹರಾಜಾಯಿತು. ಆ ಸಂಜೆಯೇ ದಬ್ಬಣದಣ್ಣನ ಕೈಗೆ ನೋಟಿಸ್ ಬಂತು: “ಪೂರ್ವಾನುಮತಿಯಿಲ್ಲದೆ ಬೆರಳನ್ನು ವಾಸಿಮಾಡಿಕೊಂಡಿರುವ ತಮ್ಮನ್ನು ಸೇವೆಯಿಂದ ಏಕೆ ತೆಗೆಯಬಾರದು ಎಂಬುದಕ್ಕೆ ಮೂರು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು.”

ಅವನು ಮನೆಗೆ ಬಂದಾಗ ಹೆಂಡತಿ ಹೊಸ್ತಿಲ ಬಳಿ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಬಾಚಣಿಗೆಯ ತುಂಬ ಕೂದಲು. ಕೂದಲು ಬಿಡಿಸುತ್ತಿದ್ದ ಬೆರಳುಗಳ ಉಗುರುಗಳು ಸೀಳಿದ್ದವು. ದಬ್ಬಣದಣ್ಣ ನೋಟಿಸನ್ನು ಕೆಳಗಿಟ್ಟು, ಅವಳ ಪಾದ ಹಿಡಿದು ಹೆಬ್ಬೆರಳಿನಿಂದ ಒತ್ತಿದ. ಹತ್ತು ಎಣಿಸಿದ. ಹದಿನಾಲ್ಕು ಎಣಿಸಿದರೂ ಗುಳಿ ಹಾಗೇ ಇತ್ತು. ಇಷ್ಟು ಸ್ಪಷ್ಟವಾದ ಲಕ್ಷಣವನ್ನು ಅವನು ತನ್ನ ಕಾಲಿನಲ್ಲೂ ಕಂಡಿರಲಿಲ್ಲ.

“ತಿಂದೆ ತಿಂದೆ ಅಂತಿದ್ದೆಯಲ್ಲೇ,” ಎಂದ.

“ನಿಮ್ಮ ಬೆರಳು ವಾಸಿಯಾಗಬೇಕಿತ್ತಲ್ಲ,” ಎಂದಳು ಅವಳು, ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಾ.

ಅವನಿಗೆ ನಾಚಿಕೆಯಾಯಿತು. ಊರವರ ಪಾದದ ಲಕ್ಷಣ ಹೇಳಬಲ್ಲವನು ಎದುರಿಗೆ ಕೂತು ಉಣ್ಣುವವಳ ಕೈ ನೋಡಿರಲಿಲ್ಲ.

ಮರುದಿನ ಅವನು ಹೆಡ್ ಕ್ಲರ್ಕ್ ಮುಂದೆ ಎಲ್ಲವನ್ನೂ ಹೇಳಿ, ತನ್ನ ಮೊಟ್ಟೆಗಳನ್ನು ಅವಳಿಗೆ ಕೊಡಿಸಿ ಎಂದು ಬೇಡಿಕೊಂಡ. ಸಮಿತಿ ತುರ್ತಾಗಿ ಸೇರಿತು. ಹದಿನಾಲ್ಕು ಎಂಬ ಅಂಕಿ ಕೇಳಿ ಐವರ ಮುಖವೂ ಗೆಲುವಾಯಿತು. ಲಕ್ಷಣವು ಅದೇ ಕುಟುಂಬದಲ್ಲಿ ಮುಂದುವರಿದಿರುವ ಕಾರಣ ನೋಟಿಸ್ ಹಿಂಪಡೆಯಲಾಯಿತು, ಹೆಂಡತಿಯನ್ನು ಬದಲಿ ಫಲಾನುಭವಿಯೆಂದು ಅಂಗೀಕರಿಸಲಾಯಿತು, ಸಂಜೆ ನಾಲ್ಕಕ್ಕೆ ಆಕೆ ಬಂದು ಸ್ಟೂಲಿನ ಮೇಲೆ ಕೂರತಕ್ಕದ್ದೆಂದು ಆದೇಶವಾಯಿತು. ಹಾಗಾದರೆ ಮೊಟ್ಟೆ, ಎಂದು ದಬ್ಬಣದಣ್ಣ ಕೇಳಿದ. ಹೆಡ್ ಕ್ಲರ್ಕ್ ಅವನ ಭುಜ ತಟ್ಟಿದರು. ನಿಯಮ ಗೊತ್ತಿದ್ದವನೇ ಹೀಗೆ ಕೇಳಿದರೆ ಹೇಗೆ ಎಂದರು.

ಅಂದು ಮನೆಯಲ್ಲಿ ಅವನು ಆ ದಿನದ ಮೊಟ್ಟೆ ಸುಲಿದು ಅವಳ ತಟ್ಟೆಗೆ ಹಾಕಿದ. ಅವಳು ಆದೇಶವನ್ನು ಎರಡು ಸಲ ಓದಿ, ಮಡಿಸಿಟ್ಟು, ಮೊಟ್ಟೆಯನ್ನು ಎತ್ತಿ ಅವನ ತಟ್ಟೆಗೆ ಇಟ್ಟಳು.

“ನಾನು ತಿಂದ್ರೆ ನಿಮಗೆ ಮತ್ತೆ ನೋಟಿಸ್ ಬರುತ್ತೆ. ನೀವೇ ತಿನ್ನಿ.”

ಅವನು ತಿಂದ.

ಮರುದಿನ ಹೆಂಡತಿಯ ಹೆಸರಿನ ಹೊಸ ಕಡತ ಹೊಲಿಗೆಗೆ ಬಂತು. ದಬ್ಬಣದಣ್ಣ ಕಾಗದಗಳ ಅಂಚು ಸರಿಮಾಡಿ, ನಾಲ್ಕು ಕಡೆ ಚುಚ್ಚಿ, ದಾರ ಎಳೆದು ಗಂಟು ಹಾಕಿದ. ಬೆರಳು ಸ್ವಲ್ಪವೂ ನೋಯಲಿಲ್ಲ. ಇಷ್ಟು ಬಿಗಿಯಾದ ಹೊಲಿಗೆ ಈಚೆಗೆ ನೋಡಿರಲಿಲ್ಲ ಎಂದು ಹೆಡ್ ಕ್ಲರ್ಕ್ ಮೆಚ್ಚಿಕೊಂಡರು.