ಜೈಸಲ್ಮೇರಿನಲ್ಲಿ ಹಲಸಿಯ ಗಂಟೆಗಳು

ನನ್ನ ಅತ್ತೆ ನನಗೆ ದನದ ಗಂಟೆ ಕಟ್ಟಿದ್ದಳು ಎಂದರೆ ನಂಬುತ್ತೀರಾ? ಕೊರಳಿಗಲ್ಲ, ಹೆಗಲ ಚೀಲಕ್ಕೆ. ಆದರೆ ಗಂಟೆ ಮಾತ್ರ ಖರೇ ದನದ್ದೇ! ಬ್ಯಾಂಕಿನಲ್ಲಿ ನಾಲ್ಕು ಜನರಿಂದ ಸಾಹೇಬ ಎನ್ನಿಸಿಕೊಳ್ಳುವ ನಾನು ರಾಜಸ್ಥಾನದ ತುಂಬ ಠಣ್ ಠಣ್ ಎನ್ನುತ್ತಾ ತಿರುಗಿ ಬಂದಿದ್ದೇನೆ.

ಅತ್ತೆ ನನ್ನ ಅಪ್ಪನ ತಂಗಿ. ಹುಟ್ಟಿದ್ದು ಖಾನಾಪುರದ ಹಲಸಿಯ ಹತ್ತಿರ, ದನ ಕಾಯುವವರ ಮನೆಯಲ್ಲಿ. ಅಲ್ಲಿ ಕಾಡಿಗೆ ಮೇಯಲು ಹೋಗುವ ದನಗಳಿಗೆಲ್ಲ ಗಂಟೆ. ಒಂದು ದನ ತಪ್ಪಿಸಿಕೊಂಡರೆ, ಮುಂದಾಳು ದನದ ಗಂಟೆ ಬಾರಿಸುತ್ತಾ ನಿಂತರೆ ಸಾಕು, ಅದು ತಾನಾಗಿ ಬರುತ್ತದಂತೆ. ಮದುವೆಯಾಗಿ ಬೆಳಗಾವಿಯ ಖಾಸಬಾಗಕ್ಕೆ ಬಂದು ಅಜ್ಜಿಯಾದರೂ ಅವಳ ಈ ನಂಬಿಕೆ ಅಲುಗಾಡಿಲ್ಲ.

ನಮ್ಮಲ್ಲಿ ತಪ್ಪಿಸಿಕೊಳ್ಳುತ್ತಿದ್ದವರು ಅತ್ತೆಯ ಗಂಡ, ನನ್ನ ಮಾವ. ಇತ್ತೀಚೆಗೆ ಅವರಿಗೆ ಮರೆವು. ಹಾಲು ತರಲು ಹೋದವರು ಒಮ್ಮೆ ಊರಿನ ಆ ತುದಿಗೆ, ಮಹಾಂತೇಶ ನಗರದ ಯಾರದೋ ಕಟ್ಟೆಯ ಮೇಲೆ ಹಾಲಿನ ಪಾಕೀಟು ಹಿಡಿದು ಕೂತಿದ್ದರು. ಇದು ಹೆಚ್ಚುತ್ತಲೇ ಹೋಗುತ್ತದೆ ಎಂದರು ಡಾಕ್ಟರು.

"ಮರಳುಗಾಡು ನೋಡ್ಬೇಕಂತ ಲಗ್ನ ಆದಾಗಿಂದ ಹೇಳಾಕತ್ತಾರ. ನೆನಪು ಇರೂದ್ರಾಗ ತೋರ್ಸೂಣು, ಟಿಕೀಟ್ ತಗಸು" ಎಂದಳು ಅತ್ತೆ.

"ಅತ್ತೀ, ಆ ಗದ್ಲದಾಗ ಮಾವ ತಪ್ಪಿಸ್ಕೊಂಡ್ರ?" ಎಂದೆ ನಾನು.

"ಬಂದೋಬಸ್ತ್ ಮಾಡೇನಿ" ಎಂದು ತವರಿನಿಂದ ತಂದ ಗಂಟೆಗಳನ್ನು ಮುಂದಿಟ್ಟಳು. ಮಾವನಿಗೆ, ನನಗೆ, ನನ್ನ ಹೆಂಡತಿಗೆ ಒಂದೊಂದು. ಎಲ್ಲಕ್ಕಿಂತ ದೊಡ್ಡದು ತನಗೆ!

ಮಾವ ಸಿಡುಕಿದರು. "ನಾ ಏನ್ ದನ ಏನು?"

"ನೋಡ್ರಿ, ಎಲ್ಲಾರೂ ಕಟ್ಕೊಂಡೇವಿ. ಅಲ್ಲಿ ಹಂಗ ಪದ್ಧತಿ ಐತ್ರಿ."

ಮಾವ ನಮ್ಮೆಲ್ಲರ ಚೀಲಗಳನ್ನು ಒಮ್ಮೆ ನೋಡಿ, ಸಮಾಧಾನವಾಗಿ ತಮ್ಮದನ್ನೂ ಕಟ್ಟಿಸಿಕೊಂಡರು. ಅವರೊಬ್ಬರಿಗೇ ಸಾಲದೇ ಎಂದು ಕೇಳಬೇಕೆಂದಿದ್ದ ನಾನು ನನ್ನ ಗಂಟೆಯ ದಾರ ಬಿಗಿದುಕೊಂಡೆ.

ಜೋಧಪುರದ ಕೋಟೆಯ ಬಾಗಿಲಲ್ಲಿ ಈ ಗಂಟೆಗಳೇಕೆ ಎಂದು ಕಾವಲುಗಾರ ತಡೆದ. ಅತ್ತೆಗೆ ಹಿಂದಿ ಬಾರದು. ಖಾನಾಪುರದ ಮರಾಠಿಯನ್ನೇ ತುಸು ಗಟ್ಟಿಯಾಗಿ ಆಡಿದರೆ ಹಿಂದಿಯಾಗುತ್ತದೆ ಎಂದು ಅವಳ ಲೆಕ್ಕ. "ಮಾಣಸಂ ಹರವತಾತ, ಭಾವೂ!" ಎಂದಳು. ಮನುಷ್ಯರು ಕಳೆದುಹೋಗ್ತಾರಪ್ಪಾ ಎಂದರ್ಥ. ಅವನು ಗಾಬರಿಯಾಗಿ ಒಳಗೆ ಬಿಟ್ಟುಬಿಟ್ಟ! ಪೇಟೆಯಲ್ಲಂತೂ ಪ್ರವಾಸಿಗರು ನಮ್ಮನ್ನು ಯಾವುದೋ ಜಾನಪದ ತಂಡ ಎಂದುಕೊಂಡು ಚಪ್ಪಾಳೆ ತಟ್ಟಿದರು. ಅತ್ತೆ ಬಿಂಕದಿಂದ ಕೈ ಮುಗಿದಳು. ನನಗೋ, ಮಾವನ ಗಂಟೆ ಅರೆಗಳಿಗೆ ನಿಂತರೂ ಜೀವ ಬಾಯಿಗೆ ಬರುತ್ತಿತ್ತು. ಆ ಅರಮನೆಗಳ ಜಾಲಂಧ್ರಗಳನ್ನು ಯಾರು ನೋಡಿದರೋ, ನಾನಂತೂ ನೋಡಿದ್ದು ಮಾವನ ಬೆನ್ನನ್ನೇ.

ಜೈಸಲ್ಮೇರಿನ ಕೋಟೆಯೊಳಗೆ ಒಂದು ಊರೇ ಇದೆ. ಎಲ್ಲ ಓಣಿಗಳೂ ಒಂದೇ ಥರ, ಎಲ್ಲ ಗೋಡೆಗಳೂ ಬೆಲ್ಲದ ಬಣ್ಣ. ನೆಟ್ಟಗಿದ್ದ ನನ್ನ ತಲೆಯೇ ತಿರುಗಿತ್ತು. ರುಮಾಲಿನ ಅಂಗಡಿಯಲ್ಲಿ ಅತ್ತೆ ಚೌಕಾಸಿಗೆ ನಿಂತಿದ್ದಳು. ತಿರುಗಿ ನೋಡಿದರೆ ಮಾವ ಇಲ್ಲ!

ಓಣಿಯ ಆಚೆ ಗಂಟೆ ಕೇಳಿತು. ಬಿದ್ದಂಬೀಳ ಓಡಿದೆವು. ಹಸು! ನಿಶ್ಚಿಂತೆಯಿಂದ ರಟ್ಟು ಮೇಯುತ್ತಿತ್ತು. ವಾಪಸು ಬಂದರೆ ಅಂಗಡಿಯವನು ಮಾವನ ಚೀಲ ಎತ್ತಿ ತೋರಿಸಿದ. ರುಮಾಲು ಸುತ್ತಿ ನೋಡುವಾಗ ಅಲ್ಲೇ ಇಳಿಸಿದ್ದರಂತೆ. ಗಂಟೆ ಅದರಲ್ಲೇ ನೇತಾಡುತ್ತಿತ್ತು. ಹೆಂಡತಿ ಅಳತೊಡಗಿದಳು.

"ಪೊಲೀಸರಿಗೆ ಹೇಳೂಣು ಅತ್ತೀ" ಎಂದೆ.

"ನಿಂದರ್ ಸ್ವಲ್ಪ" ಎಂದಳು. ಓಣಿಗಳು ಕೂಡುವ ಚೌಕದಲ್ಲಿ ಮೆಟ್ಟಿಲೇರಿ ನಿಂತು, ತನ್ನ ಚೀಲದ ದೊಡ್ಡ ಗಂಟೆ ಬಿಚ್ಚಿ ಬಾರಿಸತೊಡಗಿದಳು. ಜನ ನೆರೆದರು, ಮೊಬೈಲು ಎತ್ತಿದರು. ಅವಳು ಯಾರನ್ನೂ ನೋಡಲಿಲ್ಲ. ಕೈ ಸೋತರೆ ಕೈ ಬದಲಿಸಿ ಬಾರಿಸಿದಳು.

ಕೊನೆಗೆ ಒಂದು ಸಂದಿಯಿಂದ ಮಾವ ಬಂದರು. ತಲೆಯ ಮೇಲೆ ಕೆಂಪು ರುಮಾಲು, ಮುಖದ ತುಂಬ ಬೆವರು. ಬಂದವರೇ ಅತ್ತೆಯ ಮೇಲೆ ರೇಗಿದರು.

"ಎಲ್ಲಿ ಹೋಗಿದ್ದಿ? ಗಂಟಿ ಕೇಳಿ ಓಣಿ ಓಣಿ ಹುಡುಕಿದೆ. ನೀ ಕಳದ್ರ ನಾ ಏನ್ ಮಾಡ್ಲಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕಣ್ಣಲ್ಲೇ ಗದರಿದಳು. ಮೆಟ್ಟಿಲಿಳಿದು ಸೆರಗಿನಿಂದ ಅವರ ಬೆವರು ಒರೆಸಿದಳು.

"ಹೌದ್ರೀ, ದಾರಿ ತಪ್ಪಿದ್ದೆ. ಚಲೋ ಆತು, ನೀವು ಬಂದ್ರಿ."

"ಇನ್ನ ಮ್ಯಾಲೆ ನನ್ನ ಕೈ ಬಿಡಬ್ಯಾಡ" ಎಂದರು ಮಾವ.

"ಬಿಡೂದಿಲ್ರಿ" ಎಂದಳು ಅತ್ತೆ.