ಪೂರ್ವಕ್ಕೆ ಮುಖ ಮಾಡಿದ ದೋಣಿ

ಹಾಯಿದೋಣಿ ರೇಸುಗಳಲ್ಲಿ ಅರ್ಧ ಆಯುಷ್ಯ ಕಳೆದು, ಮೊಣಕಾಲು ಕೈಕೊಟ್ಟ ಮೇಲೆ ನಂಜನಗೂಡಿನಲ್ಲಿ ಶೆಡ್ಡು ಹಾಕಿ ದೋಣಿಗಳ ವಿನ್ಯಾಸಕ್ಕೆ ಕೂತವನು ನಾನು. ಈ ಸೀಮೆಯಲ್ಲಿ ಇಂಥ ಕಸುಬು ಹಿಡಿದವನು ಅವಮಾನ ಹುಡುಕಿಕೊಂಡು ಹೋಗಬೇಕಿಲ್ಲ, ಅದೇ ವಿಳಾಸ ಕೇಳಿಕೊಂಡು ಬರುತ್ತದೆ. ನನ್ನ ನಕ್ಷೆಯ ದೋಣಿಗಳು ಗೋವಾದಲ್ಲಿ, ಚೆನ್ನೈಯಲ್ಲಿ ತೇಲುತ್ತವೆ. ನಮ್ಮೂರ ಹೊಳೆ ಕಪಿಲೆಯಲ್ಲಿ ಒಂದಾದರೂ ತೇಲಬೇಕು ಅನ್ನುವುದೊಂದೇ ನನ್ನ ಆಸೆ. ಅದಕ್ಕೆ ಬಂದ ಗತಿ ಕೇಳಿ.

೧. ಮೆಡಲ್ಲು ಯಾರದ್ದು

ಮೊದಲ ಸಲ ರಾಷ್ಟ್ರಮಟ್ಟದಲ್ಲಿ ಗೆದ್ದು ನಮ್ಮ ಹಳ್ಳಿ ಕಳಲೆಗೆ ಬಂದಾಗ ದೊಡ್ಡಪ್ಪ ನನ್ನ ಮೆಡಲನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು.

"ಮೋಟ್ರು ಎಷ್ಟು ಎಚ್ಪೀದು ಕಣ್ಲಾ?"

"ಮೋಟ್ರಿಲ್ಲ ದೊಡ್ಡಪ್ಪ."

"ಉಟ್ಟುಗೋಲು ಆಕ್ತೀಯಾ?"

"ಅದೂ ಇಲ್ಲ. ಬರೀ ಗಾಳೀಲೇ ಓಗದು."

"ಅಂಗಾರೆ ಗೆದ್ದಿದ್ದು ಗಾಳಿ. ನಿಂಗ್ಯಾಕ್ಲಾ ಕೊಟ್ರು ಮೆಡ್ಲು?"

ಜಗಲಿಯಲ್ಲಿದ್ದವರೆಲ್ಲ ಗಾಳಿಯ ಪರವಾಗಿಯೇ ನಕ್ಕರು.

೨. ಮೂರು ಮೂಲೆ

ಹೊಸ ಹಾಯಿಯನ್ನು ಅಳತೆ ನೋಡಲು ಶೆಡ್ಡಿನ ಮುಂದೆ ಹಾಸಿ ಊಟಕ್ಕೆ ಹೋಗಿದ್ದೆ. ಬಂದು ನೋಡಿದರೆ ಅದರ ಮೇಲೆ ಪಕ್ಕದ ಮನೆ ಅಕ್ಕನ ರಾಗಿ ಒಣಗುತ್ತಿದೆ, ಅಕ್ಕ ಕಾಲಿನಲ್ಲಿ ಕೆದಕುತ್ತಿದ್ದಾರೆ.

"ಅಕ್ಕಾ, ಇದು ಹಾಯಿ! ಮುಂಬೈಯಿಂದ ತರಿಸಿದ ಬಟ್ಟೆ!"

"ಬಟ್ಟೆ ಚೆನ್ನಾಗೈತೆ ಕಣಪ್ಪ. ಆದ್ರೆ ಮೂರೇ ಮೂಲೆ ಇಟ್ಟಿದ್ದೀಯಲ್ಲ, ನಾಕ್ನೇದುಕ್ಕೆ ಸಾಲ್ನಿಲ್ವಾ?"

ಗಾಳಿಯ ಲೆಕ್ಕ ವಿವರಿಸಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡು, "ಓಗ್ಲಿ ಬುಡು, ಮಾಡ್ತಾ ಮಾಡ್ತಾ ಬತ್ತದೆ" ಎಂದು ಸಮಾಧಾನ ಹೇಳಿದರು.

೩. ವಾಸ್ತು

ಕಡೆಗೂ ಟಿ. ನರಸೀಪುರದ ಮದುವೆ ಛತ್ರದ ಯಜಮಾನರು ಹುಡುಕಿಕೊಂಡು ಬಂದರು. ಛತ್ರ ಕಪಿಲೆಯ ದಂಡೆಯಲ್ಲೇ ಇದೆ, ಕಾವೇರಿ ಸೇರುವ ಸಂಗಮದ ಹತ್ತಿರ.

"ಎಣ್ಣು ಗಂಡನ್ನ ಸಂಗಮದಲ್ಲಿ ಒಂದು ಸುತ್ತು ತಿರುಗಿಸ್ಬೇಕು ಸಾ. ಅಂಥ ದೋಣಿ ಮಾಡ್ಕೊಡಿ."

ನನಗೆ ಕಣ್ಣೀರೇ ಬಂತು. ಒಂದು ಹನಿ ನೀರೂ ಒಳಕ್ಕೆ ಬರದಂತೆ ಒಂದೊಂದು ಸಂದನ್ನೂ ನಾನೇ ಮೆತ್ತಿ, ನಾನೇ ಉಜ್ಜಿದೆ.

ನೀರಿಗಿಳಿಸುವ ದಿನ ಅವರ ವಾಸ್ತು ಪಂಡಿತರು ದಿಕ್ಸೂಚಿ ಹಿಡಿದು ಬಂದರು. "ಮುಖ ಪೂರ್ವಕ್ಕಿರಬೇಕು."

"ಸ್ವಾಮಿ, ದೋಣಿ ತಿರುಗುತ್ತೆ."

"ತಿರುಗಿ ದಕ್ಷಿಣಕ್ಕೆ ಬಂದರೆ? ಯಜಮಾನರಿಗೇ ಕಂಟಕ."

ಯಜಮಾನರ ಮುಖ ಬಿಳುಚಿಕೊಂಡಿತು. "ಅಂಗಾರೆ ತಿರುಗ್ದಂಗೆ ಮಾಡ್ಬುಡುವ" ಅಂದರು.

ಸಂಜೆಯೊಳಗೆ ಛತ್ರದ ಅಂಗಳದಲ್ಲಿ ಗುಂಡಿ ತೋಡಿ, ದೋಣಿಯನ್ನು ಪೂರ್ವಕ್ಕೆ ನಿಲ್ಲಿಸಿ, ಬುಡಕ್ಕೆ ಕಾಂಕ್ರೀಟು ಸುರಿದರು. ಹೊಳೆ ಅಲ್ಲೇ ಎದುರಿಗೆ ಹರಿಯುತ್ತಿತ್ತು. ಈಗ ದೋಣಿಯಲ್ಲಿ ನಿಂತು ಐಸ್‌ಕ್ರೀಂ ಹಂಚುತ್ತಾರೆ.

೪. ರಿಪೇರಿ

ಮಳೆಗಾಲದಲ್ಲಿ ಯಜಮಾನರ ಫೋನು. "ಸಾ, ನಿಮ್ಮ ದೋಣಿ ಕೆಟ್ಟೈತೆ. ಬಿರ್ರನೆ ಬನ್ನಿ."

ಹೋದೆ. ದೋಣಿಯ ತುಂಬ ಮಳೆನೀರು. ಐಸ್‌ಕ್ರೀಂ ಕಪ್ಪುಗಳು ಅದರೊಳಗೆ ಸುಖವಾಗಿ ತೇಲುತ್ತಿದ್ದವು.

"ಒಂದು ತೊಟ್ಟೂ ಆಚೆಗೆ ಓಯ್ತಿಲ್ಲ ಕಣ್ರೀ! ಇಂಗಾ ದೋಣಿ ಮಾಡದು?"

"ನೀರು ನುಸುಳಬಾರದು ಅಂತಲೇ ದೋಣಿ ಮಾಡೋದು, ಯಜಮಾನ್ರೇ."

"ಅದೆಲ್ಲ ಬ್ಯಾಡಿ. ನಾಳೆ ಮದುವೆ ಐತೆ. ಒಂದು ತೂತು ಕೊರೀರಿ."

ಅವರು ಕರೆಸಿದ್ದ ಗಾರೆ ಕೆಲಸದವನು ಆಗಲೇ ಸುತ್ತಿಗೆ ಎತ್ತಿಕೊಂಡು ನಿಂತಿದ್ದ. ಅವನಿಗೆ ಬಿಟ್ಟರೆ ದೋಣಿಯ ಇಡೀ ಮೈ ಸೀಳಿಬಿಡುತ್ತಿದ್ದ. ಡ್ರಿಲ್ಲು ತರಿಸಿಕೊಂಡು, ಕಾಂಕ್ರೀಟಿನ ಅಂಚಿಗೆ ತುಸು ಮೇಲೆ ನಾನೇ ಕೊರೆದೆ. ನೀರು ಜೊರ್ರನೆ ಇಳಿದು, ಅಂಗಳ ದಾಟಿ, ಹೊಳೆಗೆ ಸೇರಿತು. ನನ್ನ ದೋಣಿಯಿಂದ ಕಪಿಲೆ ಮುಟ್ಟಿದ್ದು ಅದಿಷ್ಟೇ.

ಯಜಮಾನರು ಖುಷಿಯಾಗಿ ನನ್ನ ಬೆನ್ನು ತಟ್ಟಿದರು. "ನೋಡಿ ಸಾ, ಈಗ ಸರಿಯಾಯ್ತು ದೋಣಿ!"