ಮೈ ಇಳಿಸಿಕೊಂಡ ವಿಮಾನ

ಹೆದರಿಕೆಯನ್ನು ಒಪ್ಪಿಕೊಳ್ಳುವುದಕ್ಕಿಂತ ಮಾತು ಕೊಟ್ಟುಬಿಡುವುದು ಸುಲಭ. ನಾನಂತೂ ಹೆದರಿದಾಗಲೆಲ್ಲ ಜೋರಾಗಿಯೇ ಮಾತು ಕೊಡುತ್ತೇನೆ. ಭಾವಮೈದ ಮಲ್ಲೇಶ ಎರಡು ಸೀಟಿನ ಹಳೆಯ ವಿಮಾನವೊಂದನ್ನು ತುಂಡುತುಂಡಾಗಿ ಲಾರಿಯಲ್ಲಿ ತಂದು ಬಿಳಿಗೆರೆಯ ನಮ್ಮ ಕೊಬ್ಬರಿ ಶೆಡ್ಡಿನಲ್ಲಿ ಇಳಿಸಿದ ದಿನ, ನೆಂಟರೆಲ್ಲರ ಎದುರು, "ಇದು ಹಾರಿದ ದಿನ ಪಕ್ಕದ ಸೀಟು ನಂದೇ ಕಣಪ್ಪ" ಎಂದುಬಿಟ್ಟೆ. ತಿಪಟೂರಿನ ಬಸ್ಸು ತಿರುವಿನಲ್ಲಿ ಸ್ವಲ್ಪ ವಾಲಿದರೂ ಮುಂದಿನ ಕಂಬಿ ಹಿಡಿದು ಕಣ್ಣು ಮುಚ್ಚುವವನು ನಾನು. ಆ ತಗಡು, ಬಟ್ಟೆ, ಕೊಳವೆಗಳ ರಾಶಿ ಎಂದಾದರೂ ಹಾರೀತೆಂದು ಯಾರು ತಾನೇ ನಂಬುತ್ತಾರೆ?

ಮಲ್ಲೇಶ ಪಂಪ್‌ಸೆಟ್ ರಿಪೇರಿಯವನು. ವರ್ಷದೊಳಗೆ ಜೋಡಿಸಿ ನಿಲ್ಲಿಸಿಯೇಬಿಟ್ಟ. ಆದರೆ ಅವನ ಲೈಸೆನ್ಸು 'ಲೈಟ್ ಸ್ಪೋರ್ಟ್' ಎಂಬ ಜಾತಿಯ ವಿಮಾನಕ್ಕೆ ಮಾತ್ರ. ಎಂಜಿನ್ ಒಂದೇ ಇರಬೇಕು, ಸೀಟು ಎರಡು ದಾಟಬಾರದು. ಅದರಲ್ಲೆಲ್ಲ ನಮ್ಮದು ಪಾಸು. ಉಳಿದದ್ದು ತೂಕ. ವಿಮಾನ, ಪೆಟ್ರೋಲು, ಇಬ್ಬರು ಜನ, ಎಲ್ಲ ಸೇರಿ ಆರುನೂರು ಕಿಲೋ ದಾಟಿದರೆ ಅದು ಆ ಜಾತಿಗೆ ಸೇರುವುದಿಲ್ಲ, ಮಲ್ಲೇಶ ಅದನ್ನು ಹಾರಿಸುವ ಹಾಗಿಲ್ಲ. ಅವನ ಬಹುದಿನದ ಆಸೆ ಆ ಒಂದು ಅಂಕಿಯ ಮೇಲೆ ನಿಂತಿತ್ತು. ಬೇರೆ ಕಾರಣಕ್ಕೆ ನನ್ನ ಪ್ರಾಣವೂ ಅದರ ಮೇಲೆಯೇ ನಿಂತಿತ್ತು.

ಮೂರು ಚಕ್ರಗಳ ಕೆಳಗೆ ಕೊಬ್ಬರಿ ತೂಗುವ ಮೂರು ತಕ್ಕಡಿ ಇಟ್ಟು ತೂಗಿದೆವು. ಪೆಟ್ರೋಲು, ನಾವಿಬ್ಬರೂ ಬಾಯಲ್ಲಿ ಹೇಳಿ ಬರೆಸಿದ ನಮ್ಮ ತೂಕ ಸೇರಿಸಿ ಲೆಕ್ಕ ಹಾಕಿದರೆ ಮಿತಿಗಿಂತ ಮೂವತ್ತೆಂಟು ಕಿಲೋ ಹೆಚ್ಚು. ಮಲ್ಲೇಶನ ಮುಖ ಬಾಡಿತು. ನಾನು ಅವನ ಬೆನ್ನು ತಟ್ಟಿ ಸಮಾಧಾನ ಹೇಳಿ, ಒಳಗೆ ಹೋಗಿ ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಮುಂದಿನ ತಿಂಗಳು ಮತ್ತೆ ತೂಗಿದರೆ ನಾಲ್ಕು ಕಿಲೋ ಕಡಿಮೆ. ಒಂದು ಬೋಲ್ಟನ್ನೂ ಯಾರೂ ಬಿಚ್ಚಿರಲಿಲ್ಲ. ಅದರ ಮುಂದಿನ ತಿಂಗಳು ಇನ್ನೂ ಮೂರು ಕಿಲೋ ಕಡಿಮೆ. ತಕ್ಕಡಿಗಳನ್ನು ಬದಲಾಯಿಸಿದೆ, ತೂಕದ ಬಟ್ಟು ಇಟ್ಟು ಪರೀಕ್ಷಿಸಿದೆ. ಅವು ಸರಿಯಾಗಿಯೇ ಇದ್ದವು. "ರೆಕ್ಕೆ ಬಟ್ಟೆ ಒಣಗ್ತಾ ಐತೆ ಬುಡಿ ಭಾವ" ಎಂದ ಮಲ್ಲೇಶ. ಬಟ್ಟೆ ತಿಂಗಳುಗಟ್ಟಲೆ ಒಣಗುತ್ತದೆಯೇ? ಮಧ್ಯಾಹ್ನದ ಹೊತ್ತು ಶೆಡ್ಡಿನಲ್ಲಿ ಗಾಳಿಯೂ ಆಡುವುದಿಲ್ಲ. ಮೇಲೆ ಅಟ್ಟದ ತುಂಬ ಕಾಯಿ, ಕೆಳಗೆ ಮಬ್ಬುಗತ್ತಲೆ. ವಿಮಾನವನ್ನು ತಕ್ಕಡಿಗೆ ತಳ್ಳಿ ನಿಲ್ಲಿಸಿದ ಮೇಲೆ ಅದರ ಹೊಟ್ಟೆಯೊಳಗೆ ಯಾರೋ ಮಗ್ಗುಲು ಬದಲಾಯಿಸಿದಂತೆ ಸದ್ದಾಗುತ್ತಿತ್ತು. ನಾವು ಕೈಬಿಟ್ಟ ಮೇಲೂ ಆ ಸದ್ದು ಒಂದು ಗಳಿಗೆ ಇರುತ್ತಿತ್ತು. ನನ್ನ ತೋಳಿನ ಕೂದಲು ನಿಮಿರಿ ನಿಲ್ಲುತ್ತಿತ್ತು.

ಅದರ ಹಿಂದಿನ ಯಜಮಾನ ತೀರಿಕೊಂಡಿದ್ದನಂತೆ. ಕೊನೆಯವರೆಗೂ ಅದರಲ್ಲಿ ಹೋಗಿ ಸುಮ್ಮನೆ ಕೂತಿರುತ್ತಿದ್ದನಂತೆ. ಅಷ್ಟು ಕೇಳಿದ ಮೇಲೆ ನನಗೆ ಎಲ್ಲವೂ ಸ್ಪಷ್ಟವಾಯಿತು. ಆ ಮನುಷ್ಯ ಇನ್ನೂ ಒಳಗೇ ಇದ್ದಾನೆ, ತಿಂಗಳಿಗೆ ಮೂರು ಕಿಲೋದಂತೆ ಇಳಿದು ಹೋಗುತ್ತಿದ್ದಾನೆ.

ಹತ್ತನೆಯ ತಿಂಗಳಿಗೆ ಹೆಚ್ಚುವರಿ ಐದೇ ಕಿಲೋ ಉಳಿಯಿತು. ಮಲ್ಲೇಶ ಕುಣಿದಾಡಿದ. ಮರುದಿನ ಊಟವಾದ ಮೇಲೆ ನಾನೊಬ್ಬನೇ ಶೆಡ್ಡಿಗೆ ಹೋಗಿ, ವಿಮಾನದ ಬಾಲ ಹಿಡಿದು ಜಗ್ಗುತ್ತ, ಕಣ್ಣು ಮುಚ್ಚಿ ಬೇಡಿಕೊಂಡೆ: "ಸ್ವಾಮಿ, ದಯವಿಟ್ಟು ಪೂರ್ತಿ ಇಳೀಬೇಡಿ." ಒಳಗಿನಿಂದ ಗುಡುಗುಡು ಎಂದು ಉತ್ತರ ಬಂತು.

ಅಂಗಳಕ್ಕೆ ಓಡಿ ಬಂದು ಬಿದ್ದೆ. ಹೆಂಡತಿ ಗಿರಿಜೆ ಹಪ್ಪಳ ಒಣಗಿಸುತ್ತಿದ್ದಳು. "ಒಳಗೆ ಯಾರೋ ಅವ್ರೆ ಕಣೇ!" ಎಂದೆ. ಅವಳು ನೆಟ್ಟಗೆ ಹೋಗಿ, ಸೀಟಿನ ಹಿಂದೆ ಸಾಮಾನು ಇಡುವ ಪುಟ್ಟ ಬಾಗಿಲಿಗೆ ಕೈ ತೂರಿಸಿ, ಒಂದು ತೆಂಗಿನಕಾಯಿ ತೆಗೆದು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದಳು. "ನೀರೆಲ್ಲ ಒಣಗಿ ಗಿಟುಕಾಗೈತೆ ಕಣ್ರೀ. ಅಟ್ಟ ತುಂಬೋಗಿತ್ತು. ನೀವೇ ಅಂದ್ರಲ್ಲ, ನೀರು ಬೀಳದ ಜಾಗ, ಇಲಿ ಹೋಗದ ಜಾಗ ನೋಡಿ ಇಡು ಅಂತ."

"ತೂಗೋವಾಗ ಹೇಳಬಾರದಿತ್ತಾ?"

"ತೆಗ್ದಿಟ್ಟು ತೂಗ್ತೀರಿ ಅಂದ್ಕಂಡೆ. ಮೂವತ್ತು ವರ್ಷದಿಂದ ತೂಗೋರಿಗೆ ನಾನೇನು ಹೇಳ್ಲಿ?"

ಐವತ್ತು ಕಾಯಿ ಹೊರಗೆ ಬಂದವು. ಕಾಯಿ ಅಲ್ಲಾಡಿಸಿದ ಸದ್ದಿನಿಂದಲೇ ಕೊಬ್ಬರಿ ಎಷ್ಟು ಒಣಗಿದೆ ಎಂದು ಹೇಳುವ ವ್ಯಾಪಾರಿ ನಾನು, ಆ ಸದ್ದಿಗೇ ಹತ್ತು ತಿಂಗಳು ನಡುಗಿದ್ದೆ. ಮಲ್ಲೇಶ ಖುಷಿಯಿಂದ ಮತ್ತೆ ತೂಗಿದ. ಮಿತಿಗಿಂತ ಇಪ್ಪತ್ತೈದು ಕಿಲೋ ಕಡಿಮೆ! ಆಮೇಲೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಭಾವ, ನೀವೂ ಒಂದ್ಸಲ ತಕ್ಕಡಿ ಹತ್ತಿ" ಎಂದ. ನಾನು ಬರೆಸಿದ್ದು ಮದುವೆಯ ಕಾಲದ ತೂಕವೆಂದು ಆಗ ಬಯಲಾಯಿತು. ಈಗ ವಿಮಾನ ನಾಲ್ಕು ಕಿಲೋ ಹೆಚ್ಚು, ಆ ನಾಲ್ಕೂ ನನ್ನವೇ.

"ಬೇರೆ ಯಾರನ್ನಾದ್ರೂ ಕೂರಿಸ್ಕೋ ಕಣಪ್ಪ" ಎಂದೆ.

"ಮಾತು ಕೊಟ್ಟೋರು ನೀವು. ನಾಕು ಕಿಲೋ ಇಳಿಸ್ರಿ ಭಾವ, ಕಾಯ್ತೀನಿ" ಎಂದ.

ಅಂದಿನಿಂದ ನಾನು ಪ್ರಾಣ ಉಳಿಸಿಕೊಳ್ಳಲು ತಿನ್ನುತ್ತಿದ್ದೇನೆ. ಬೆಳಿಗ್ಗೆ ತಟ್ಟೆ ಇಡ್ಲಿ ಆರು, ಮಧ್ಯಾಹ್ನ ಮುದ್ದೆ ಎರಡು, ಸಂಜೆ ಒಬ್ಬಟ್ಟಿನ ಮೇಲೆ ಕಾಯಿಹಾಲು. ಸೋಮವಾರ ಸೋಮವಾರ ಮಲ್ಲೇಶ ತಕ್ಕಡಿ ಹತ್ತಿಸುತ್ತಾನೆ. ಮೊದಲ ವಾರ ಒಂದು ಕಿಲೋ ಇಳಿದಿದ್ದೆ. ಎರಡನೆಯ ವಾರ ಒಂದೂವರೆ. ನಂಬಿಕೆಯಾಗದೆ ನಿನ್ನೆ ಶೆಡ್ಡಿನ ಬಾಗಿಲು ಹಾಕಿಕೊಂಡು ಮೂರು ತಕ್ಕಡಿಯನ್ನೂ ಒಂದೊಂದಾಗಿ ಹತ್ತಿ ನೋಡಿದೆ. ಮೂರೂ ಒಂದೇ ಮಾತು ಹೇಳಿದವು: ಇನ್ನು ಒಂದೇ ಕಿಲೋ ಉಳಿದಿದೆ.